ಚಿಕ್ಕಮ್ಮನದು ಫುಲ್ ಟೈಮಾ, ಪಾರ್ಟ್ ಟೈಮಾ?

ಮದ್ದೂರಿನ ಹತ್ತಿರ ಇರುವ ನಮ್ಮ ಚಿಕ್ಕಮ್ಮನನ್ನು ಏನು ಕೆಲಸ ಮಾಡ್ತೀರಿ ಅಂತ ಕೇಳಿದರೆ 'ಕೆಲಸ ಎಲ್ಲಿ, ಮನೇಲೇ ಇರೋದು' ಅಂತಾರೆ. ಬೆಳಗ್ಗೆ ಐದಕ್ಕೆದ್ದು ಎರಡು ಹಸು ಕರೆದು, ಕ್ಯಾನ್ ಹಿಡಿದು ಡೈರಿಗೆ ಹೋಗಿ, ಫ್ಯಾಟ್ ನೋಡಿಸಿ ಬರ್ತಾರೆ. ಆಮೇಲೆ ಸಗಣಿ ಬಾಚಿ, ಹುಲ್ಲು ಕೊಯ್ದು, ಸಂಜೆ ಮತ್ತೆ ಹಾಲು ಕರೆಯೋದು. ನಡುವೆ ಅಡುಗೆ, ಬಟ್ಟೆ, ಮೊಮ್ಮಗು. ಡೈರಿಯ ಪಾಸ್‌ಬುಕ್ ಮಾತ್ರ ಚಿಕ್ಕಪ್ಪನ ಹೆಸರಲ್ಲಿದೆ.

ಇದನ್ನು ಅಳೆಯೋದು ಹೇಗೆ? ಅಮೆರಿಕದಲ್ಲಿ ವಾರಕ್ಕೆ 35 ಗಂಟೆಗಿಂತ ಕಡಿಮೆ ದುಡಿದರೆ ಪಾರ್ಟ್ ಟೈಮ್, ಅಷ್ಟೇ. ನಮ್ಮ ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆ ಇಡೀ ವರ್ಷದ ಲೆಕ್ಕ ಹಾಕುತ್ತದೆ. ವರ್ಷದ ಹೆಚ್ಚು ಕಾಲ ಏನು ಮಾಡಿದಿರೋ ಅದು ಮುಖ್ಯ ಕೆಲಸ. ಅದರ ಜೊತೆ ಕನಿಷ್ಠ 30 ದಿನ ಇನ್ನೇನಾದರೂ ದುಡಿದಿದ್ದರೆ ಅದು ಉಪ ಕೆಲಸ. ಅಡುಗೆ ಲೆಕ್ಕಕ್ಕಿಲ್ಲ, ಮಾರುವ ಹಾಲು ಲೆಕ್ಕಕ್ಕುಂಟು. ಹಾಗಾಗಿ ಚಿಕ್ಕಮ್ಮ ದುಡಿಯುವವರ ಪಟ್ಟಿಗೆ ಬರಲೇಬೇಕು. ಆದರೆ ಸಮೀಕ್ಷೆಯವರು ಬಂದಾಗ ಜಗುಲಿಯಲ್ಲಿ ಕೂತ ಚಿಕ್ಕಪ್ಪ 'ಅವಳದ್ದು ಏನೂ ಇಲ್ಲ ಬರ್ಕೊಳ್ಳಿ' ಅಂದುಬಿಟ್ಟರೆ, ಕೇಳುವವರೂ ಹಸು ಯಾರು ನೋಡ್ಕೋತಾರೆ ಅಂತ ಕೆದಕದಿದ್ದರೆ, ಚಿಕ್ಕಮ್ಮ ಪಟ್ಟಿಯಿಂದ ಸುಮ್ನೆ ಬಿಟ್ಟು ಹೋಗ್ತಾರೆ.

ಈಗ ಅದೇ ಸಮೀಕ್ಷೆಯ ಇಡೀ ದೇಶದ ಅಂಕಿ ನೋಡಿ. 15 ವರ್ಷ ದಾಟಿದ ಹೆಂಗಸರಲ್ಲಿ ದುಡಿಯುವವರು, ಕೆಲಸ ಹುಡುಕುವವರು ಸೇರಿ 2017-18ರಲ್ಲಿ ಶೇ 23.3 ಇದ್ದರು. 2023-24ಕ್ಕೆ ಅದು ಶೇ 41.7 ಆಯಿತು. ಗಂಡಸರದು 75.8ರಿಂದ 78.8ಕ್ಕೆ ಹೋಯಿತು, ಅಂಥ ವ್ಯತ್ಯಾಸವೇನಿಲ್ಲ. ಆರು ವರ್ಷದಲ್ಲಿ ಇಷ್ಟೊಂದು ಹೆಂಗಸರು ಬ್ಯಾಗ್ ಹಾಕ್ಕೊಂಡು ಆಫೀಸಿಗೆ ಹೊರಟರಾ? ಇಲ್ಲ. ದುಡಿಯುವ ಹೆಂಗಸರಲ್ಲಿ ಸ್ವಂತ ಉದ್ಯೋಗದವರ ಪಾಲು ಇದೇ ಅವಧಿಯಲ್ಲಿ ಶೇ 51.9ರಿಂದ 67.4ಕ್ಕೆ ಏರಿದೆ. ಸ್ವಂತ ಉದ್ಯೋಗ ಅಂದರೆ ಬ್ಯೂಟಿ ಪಾರ್ಲರ್ ಅಂದ್ಕೋಬೇಡಿ. ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ಕೈಜೋಡಿಸುವವರೂ ಇದರಲ್ಲೇ ಬರ್ತಾರೆ, ಅವರೇ ಅರ್ಧಕ್ಕಿಂತ ಜಾಸ್ತಿ. ಕೆಲಸ ನಿಜಕ್ಕೂ ಎಷ್ಟು ಹೆಚ್ಚಿತು, ಎಣಿಕೆ ಎಷ್ಟು ಸರಿಹೋಯಿತು ಅಂತ ಅರ್ಥಶಾಸ್ತ್ರಜ್ಞರು ಇನ್ನೂ ಜಗಳ ಆಡ್ತಿದ್ದಾರೆ. ಎರಡೂ ಇದೆ ಅಂತ ನನ್ನ ಅನಿಸಿಕೆ.

ಮನೆಗೆಲಸ ಏನಾಯ್ತು? ಸಮಯ ಬಳಕೆ ಸಮೀಕ್ಷೆ ಅಂತ ಬೇರೊಂದಿದೆ. ಅದರ ಪ್ರಕಾರ 2019ರಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಿದ್ದರು. 2024ರಲ್ಲಿ ಅದು 289 ಮತ್ತು 88. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು ಅನ್ನುವಷ್ಟರಲ್ಲಿ ಗಂಡಸರೂ ಒಂಬತ್ತು ನಿಮಿಷ ಉಳಿಸಿಕೊಂಡರು!

ಪಾರ್ಟ್ ಟೈಮ್ ಅನ್ನೋ ಹಣೆಪಟ್ಟಿಯಿಂದ ಯಾರಿಗೆ ಲಾಭ ಅಂತ ತಿಳಿಯಬೇಕಾದರೆ ಅಂಗನವಾಡಿ ಟೀಚರ್‌ಗಳನ್ನು ನೋಡಿ. ಮಕ್ಕಳಿಗೆ ಊಟ, ಪಾಠ, ಗರ್ಭಿಣಿಯರ ಲೆಕ್ಕ, ಮನೆ ಮನೆ ಸುತ್ತಾಟ, ಇಷ್ಟಕ್ಕೂ ಸಿಗೋದು ಸಂಬಳ ಅಲ್ಲ, 'ಗೌರವಧನ'. ಗುಜರಾತಿನ ಅಂಗನವಾಡಿ ಕಾರ್ಯಕರ್ತೆಯರು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಕೇಳಿದಾಗ ಇದು ಅರೆಕಾಲಿಕ ಕೆಲಸ ಅನ್ನುವ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2022ರ ಏಪ್ರಿಲ್‌ನಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ, ಇದು ಪೂರ್ಣಾವಧಿ ಕೆಲಸವೇ, ಗ್ರಾಚ್ಯುಟಿ ಕೊಡಿ ಅಂತು.