ಕಂಪನಿ ಮುಳುಗಿತು, ಮಾಲೀಕರ ಮನೆ ಹಾಗೇ ಇದೆ. ನನ್ನ ಬಾಕಿ ಯಾರು ಕೊಡಬೇಕು?

ಓದುಗರ ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಎರಡು ಲೇತ್ ಇರುವ ಸಣ್ಣ ವರ್ಕ್‌ಶಾಪ್. ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಆರು ವರ್ಷ ಜಾಬ್‌ವರ್ಕ್ ಮಾಡಿಕೊಟ್ಟೆವು. 8 ಲಕ್ಷ ಬಾಕಿ ಇಟ್ಟು ಬಾಗಿಲು ಹಾಕಿದ್ದಾರೆ. ಮಾಲೀಕರಿಗೆ ಸ್ವಂತ ಮನೆಯಿದೆ, ಎರಡು ಕಾರಿದೆ. ಕೇಳಿದರೆ "ಅದು ಕಂಪನಿ ಸಾಲ, ನನ್ನದಲ್ಲ" ಅನ್ನುತ್ತಾರೆ. ಇದು ಯಾವ ನ್ಯಾಯ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಮೊತ್ತದೊಂದಿಗೆ ಬರುತ್ತಲೇ ಇರುತ್ತದೆ. ಕೊನೆಯ ಸಾಲು ಮಾತ್ರ ಯಾವಾಗಲೂ ಒಂದೇ. ಕಹಿಯಾದರೂ ಮೊದಲೇ ಹೇಳಿಬಿಡುತ್ತೇನೆ: ಸಾಮಾನ್ಯ ಸಂದರ್ಭದಲ್ಲಿ ಅವರ ಮಾತು ಕಾನೂನಿನ ಪ್ರಕಾರ ಸರಿ. ನೀವು "ಮಾಲೀಕರು" ಅನ್ನುವವರು ಕಾನೂನಿನ ಕಣ್ಣಲ್ಲಿ ಷೇರುದಾರರು, ಹೆಚ್ಚೆಂದರೆ ನಿರ್ದೇಶಕರು. ನಿಮ್ಮಿಂದ ಕೆಲಸ ಮಾಡಿಸಿಕೊಂಡದ್ದು, ನಿಮಗೆ ಹಣ ಕೊಡಬೇಕಾದದ್ದು ಕಂಪನಿ ಎಂಬ ಇನ್ನೊಬ್ಬ "ವ್ಯಕ್ತಿ". ಅದಕ್ಕೆ ಮನೆಯೂ ಇಲ್ಲ, ಮರ್ಯಾದೆಯೂ ಇಲ್ಲ.

ಇದೆಲ್ಲ ಗಟ್ಟಿಯಾದದ್ದು ಲಂಡನ್ನಿನ ಒಬ್ಬ ಬೂಟು ವ್ಯಾಪಾರಿಯಿಂದ. ವೈಟ್‌ಚಾಪೆಲ್‌ನಲ್ಲಿ ಚರ್ಮದ ಬೂಟು ತಯಾರಿಸುತ್ತಿದ್ದ ಆರನ್ ಸಲೋಮನ್ 1892ರಲ್ಲಿ ತನ್ನ ವ್ಯಾಪಾರವನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದ. ಆಗಿನ ಕಾನೂನಿಗೆ ಏಳು ಸದಸ್ಯರು ಬೇಕಿತ್ತು. 20,007 ಷೇರುಗಳಲ್ಲಿ 20,001 ತಾನೇ ಇಟ್ಟುಕೊಂಡ, ಹೆಂಡತಿಗೆ, ಮಗಳಿಗೆ, ನಾಲ್ವರು ಗಂಡುಮಕ್ಕಳಿಗೆ ಒಂದೊಂದು ಕೊಟ್ಟ. ಮಾರಿದ ಬೆಲೆಯಲ್ಲಿ 10,000 ಪೌಂಡ್ ಕಂಪನಿ ತನಗೆ ಕೊಡಬೇಕಾದ ಸಾಲವೆಂದು, ಕಂಪನಿಯ ಆಸ್ತಿಯನ್ನೇ ಅಡವಾಗಿ ಬರೆಸಿಕೊಂಡ. ಅಂದರೆ ತನ್ನದೇ ಕಂಪನಿಗೆ ತಾನೇ ಸಾಲ ಕೊಟ್ಟವನಾದ, ಅದೂ ಉಳಿದೆಲ್ಲರಿಗಿಂತ ಮುಂದಿನ ಸಾಲಿನಲ್ಲಿ.

ಬೂಟು ವ್ಯಾಪಾರ ಇಳಿಯಿತು, ಕೆಲಸಗಾರರ ಮುಷ್ಕರಗಳಾದವು, ಸರ್ಕಾರಿ ಗುತ್ತಿಗೆಗಳು ಹಲವರಿಗೆ ಹಂಚಿಹೋದವು. ಮಾರನೇ ವರ್ಷವೇ ಕಂಪನಿ ಮುಳುಗಿತು. ಅಡವು ಇಲ್ಲದೆ ಮಾಲು ಕೊಟ್ಟವರಿಗೆ ಏಳು ಸಾವಿರ ಪೌಂಡ್‌ಗೂ ಹೆಚ್ಚು ಬರಬೇಕಿತ್ತು. ಅವರು ಹೇಳಿದ್ದೂ ನೀವು ಹೇಳುವುದನ್ನೇ: ಕಂಪನಿ ಅಂದರೆ ಸಲೋಮನ್, ಸಲೋಮನ್ ಅಂದರೆ ಕಂಪನಿ. ಕೆಳಗಿನ ಎರಡೂ ಕೋರ್ಟುಗಳು ಒಪ್ಪಿದವು. ಆಗ ಬ್ರಿಟನ್ನಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮಾತ್ರ 1896ರ ನವೆಂಬರ್‌ನಲ್ಲಿ ಎರಡೂ ತೀರ್ಪುಗಳನ್ನು ತಿರುಗಿಸಿತು. ಕಾಗದಪತ್ರ ಕ್ರಮವಾಗಿದ್ದರೆ ಕಂಪನಿ ಬೇರೆ, ಅದನ್ನು ಕಟ್ಟಿದವನು ಬೇರೆ. ನ್ಯಾಯಾಧೀಶರಲ್ಲೊಬ್ಬರಾದ ಲಾರ್ಡ್ ಮ್ಯಾಕ್‌ನಾಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಲು ಕೊಟ್ಟವರ ಕಷ್ಟಕ್ಕೆ ಅವರೇ ಕಾರಣ, ಸಲೋಮನ್ ಜತೆ ಬಹಳ ವರ್ಷದ ವ್ಯವಹಾರವಿತ್ತೆಂದು ಕಂಪನಿಯನ್ನೂ ನಂಬಿದರು ಎಂಬರ್ಥದ ಮಾತಾಡಿದರು. ನಿಮ್ಮ ಆರು ವರ್ಷದ ಜಾಬ್‌ವರ್ಕ್ ನೆನಪಾಗುತ್ತದೆಯಲ್ಲವೇ?

ಸಲೋಮನ್ ಮೋಸಗಾರನೇನಲ್ಲ ಅನ್ನುವುದನ್ನೂ ಹೇಳಬೇಕು. ಕಂಪನಿ ತತ್ತರಿಸಿದಾಗ ತನ್ನ ಸಾಲಪತ್ರವನ್ನೇ ಬೇರೆಯವರಲ್ಲಿ ಅಡವಿಟ್ಟು ಅದಕ್ಕೆ 5,000 ಪೌಂಡ್ ತಂದು ಸುರಿದಿದ್ದ. ಲಾರ್ಡ್ಸ್ ಮುಂದೆ ಅವನು ಮೇಲ್ಮನವಿ ನಡೆಸಿದ್ದು ಖರ್ಚಿಗೆ ಗತಿಯಿಲ್ಲದ ಬಡವನೆಂಬ ಅರ್ಜಿಯ ಮೇಲೆ.

ಕಂಪನಿಗೂ ಅದನ್ನು ಕಟ್ಟಿದವರಿಗೂ ನಡುವೆ ಇಂಥ ಗೋಡೆ ಬೇಕಿತ್ತೇ? ಇಲ್ಲದಿದ್ದರೆ ಏನಾಗುತ್ತಿತ್ತು ಎಂದು 1878ರ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡ್ ನೋಡಿತು. ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಮುಳುಗಿದಾಗ ಅದರ ಷೇರುದಾರರ ಹೊಣೆಗೆ ಮಿತಿಯಿರಲಿಲ್ಲ. 100 ಪೌಂಡ್ ಷೇರು ಇಟ್ಟುಕೊಂಡವರು ಒಟ್ಟು 2,750 ಪೌಂಡ್ ಕಟ್ಟಬೇಕಾಯಿತು. ಸಾವಿರದ ಎಂಟುನೂರಕ್ಕೂ ಹೆಚ್ಚು ಷೇರುದಾರರಲ್ಲಿ ದಿವಾಳಿಯಾಗದೆ ಉಳಿದವರು 254 ಜನ. ಬ್ಯಾಂಕನ್ನು ಹಾಳುಮಾಡಿದ್ದು ನಿರ್ದೇಶಕರು, ತಲೆ ಕೊಟ್ಟದ್ದು ಉಳಿತಾಯಕ್ಕೆಂದು ಷೇರು ಕೊಂಡವರು. ಈ ಗೋಡೆ ಇಲ್ಲದಿದ್ದರೆ ಇವತ್ತು ಮೊಬೈಲಿನಲ್ಲಿ ಹತ್ತು ಷೇರು ಕೊಳ್ಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ನಮ್ಮಲ್ಲೂ 1857ರಿಂದಲೇ ಸೀಮಿತ ಹೊಣೆಯ, ಅಂದರೆ ಷೇರಿಗೆ ಹಾಕಿದ ಹಣದಾಚೆ ಷೇರುದಾರರು ಏನೂ ಕೊಡಬೇಕಿಲ್ಲದ ಕಂಪನಿಗಳಿಗೆ ಅವಕಾಶವಾಯಿತು. ಬರೀ ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಕಥೆಯೇ ಬೇರೆ, ಅಲ್ಲಿ ಪಾಲುದಾರರ ಮನೆಮಠವೂ ಸಾಲಕ್ಕೆ ಹೊಣೆ.

ಹಾಗಾಗಿ ಗೋಡೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದು ಯಾರಿಗೆ ಅಡ್ಡ ನಿಲ್ಲುತ್ತದೆ ಎಂಬುದರ ಬಗ್ಗೆ. ಬ್ಯಾಂಕಿಗೆ ಅಡ್ಡ ನಿಲ್ಲುವುದಿಲ್ಲ. ಸಣ್ಣ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕು ನಿರ್ದೇಶಕರಿಂದ ವೈಯಕ್ತಿಕ ಖಾತರಿಗೆ, ಅಂದರೆ ಕಂಪನಿ ಕೊಡದಿದ್ದರೆ ನಾನೇ ಕೊಡುತ್ತೇನೆ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತದೆ. ಆ ಒಂದು ಹಾಳೆ ಗೋಡೆಗೆ ಬಾಗಿಲು ಕೊರೆದಂತೆ.

ಬೆಂಗಳೂರಿನದೇ ಉದಾಹರಣೆ ಕಿಂಗ್‌ಫಿಷರ್ ಏರ್‌ಲೈನ್ಸ್. 2012ರ ಅಕ್ಟೋಬರ್‌ನಲ್ಲಿ ಅದರ ವಿಮಾನಗಳು ನಿಂತವು. ಬ್ಯಾಂಕುಗಳು ವಿಜಯ್ ಮಲ್ಯ ಅವರ ಸ್ವಂತ ಆಸ್ತಿಗೆ ಕೈ ಹಾಕಲು ಆದದ್ದು ಅವರು ಅಧ್ಯಕ್ಷರಾಗಿದ್ದರು ಎಂದಲ್ಲ, ಸಾಲಕ್ಕೆ ವೈಯಕ್ತಿಕ ಖಾತರಿ ಕೊಟ್ಟಿದ್ದರು ಎಂದು. 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 6,203 ಕೋಟಿ ರೂಪಾಯಿಯನ್ನು ಬಡ್ಡಿಸಹಿತ ವಸೂಲು ಮಾಡಲು ಹೇಳಿದಾಗಲೂ, 2021ರ ಜುಲೈನಲ್ಲಿ ಲಂಡನ್ ಹೈಕೋರ್ಟ್ ಅವರನ್ನು ದಿವಾಳಿ ಎಂದು ಘೋಷಿಸಿದಾಗಲೂ ಬುಡದಲ್ಲಿದ್ದದ್ದು ಆ ಸಹಿ. ಸಂಬಳ ಬಾಕಿ ಉಳಿದ ನೌಕರರ ಕೈಯಲ್ಲಿ ಅಂಥ ಕಾಗದವಿರಲಿಲ್ಲ. 2021ರದೇ ಮೇ ತಿಂಗಳಲ್ಲಿ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಬಾಗಿಲನ್ನು ಇನ್ನಷ್ಟು ಅಗಲ ಮಾಡಿತು: ಕಂಪನಿಯ ದಿವಾಳಿ ಪ್ರಕ್ರಿಯೆಯಲ್ಲಿ ಸಾಲ ಇತ್ಯರ್ಥವಾದ ಮಾತ್ರಕ್ಕೆ ಖಾತರಿ ಕೊಟ್ಟವರು ಪಾರಾಗುವುದಿಲ್ಲ.

ಸರ್ಕಾರವೂ ತನಗೊಂದು ಬಾಗಿಲು ಇಟ್ಟುಕೊಂಡಿದೆ. ಪ್ರೈವೇಟ್ ಕಂಪನಿಯ ಆದಾಯ ತೆರಿಗೆಯೋ ಜಿಎಸ್‌ಟಿಯೋ ಕಂಪನಿಯಿಂದ ಹುಟ್ಟದಿದ್ದರೆ, ತನ್ನ ಕಡೆಯಿಂದ ನಿರ್ಲಕ್ಷ್ಯವಿರಲಿಲ್ಲವೆಂದು ತೋರಿಸದ ಹೊರತು ನಿರ್ದೇಶಕನೇ ಕೊಡಬೇಕು. ದೊಡ್ಡವರು ಸಹಿ ಕೇಳಿ ಪಡೆದರು, ಸರ್ಕಾರ ಕಾನೂನಿನಲ್ಲೇ ಬರೆದುಕೊಂಡಿತು. ಡೆಲಿವರಿ ಚಲನ್ ನಂಬಿ ಕೆಲಸ ಮಾಡಿದವರು ಗೋಡೆಯ ಈಚೆ ಉಳಿದರು.

ಇನ್ನೊಂದು ಗುಂಪಿದೆ, ಅವರದು ನಿಮಗಿಂತ ಕಷ್ಟ. ನೀವು ಆರ್ಡರ್ ಬೇಡ ಅನ್ನಬಹುದಿತ್ತು. ಕಾರ್ಖಾನೆಯ ಪಕ್ಕ ಮಲಗಿದ್ದವರಿಗೆ ಆ ಆಯ್ಕೆಯೂ ಇರಲಿಲ್ಲ. 1984ರಲ್ಲಿ ವಿಷಾನಿಲ ಸೋರಿದ ಭೋಪಾಲದ ಕಾರ್ಖಾನೆ ನಡೆಸುತ್ತಿದ್ದ ಭಾರತದ ಕಂಪನಿಯ 50.9 ಶೇಕಡಾ ಷೇರು ಅಮೆರಿಕದ ಯೂನಿಯನ್ ಕಾರ್ಬೈಡ್‌ನದಾಗಿತ್ತು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿ ಮುಗಿಯಿತು. ಮಾತೃ ಕಂಪನಿಯ ಹೊಣೆ ಎಷ್ಟು ಎಂಬ ಪ್ರಶ್ನೆ ವಿಚಾರಣೆಯಾಗಿ ತೀರ್ಮಾನವಾಗಲೇ ಇಲ್ಲ. ಅಮೆರಿಕದ ಇಬ್ಬರು ಕಾನೂನು ಪ್ರಾಧ್ಯಾಪಕರು, ಹೆನ್ರಿ ಹ್ಯಾನ್ಸ್‌ಮನ್ ಮತ್ತು ರೇನಿಯರ್ ಕ್ರಾಕ್‌ಮನ್, 1991ರಲ್ಲೇ ಒಂದು ವಾದ ಮುಂದಿಟ್ಟರು: ಒಪ್ಪಂದದ ಸಾಲಕ್ಕೆ ಸೀಮಿತ ಹೊಣೆ ಇರಲಿ, ಕಂಪನಿಯಿಂದ ಗಾಯಗೊಂಡವರ ಪರಿಹಾರಕ್ಕೆ ಮಾತ್ರ ಷೇರುದಾರರು ತಮ್ಮ ಪಾಲಿನ ಪ್ರಮಾಣದಲ್ಲಿ ಸ್ವಂತ ಜೇಬಿನಿಂದ ಕೊಡಲಿ. ಸಂಶೋಧಕರು ಇಂದಿಗೂ ಅದರ ಮೇಲೆ ಜಗಳವಾಡುತ್ತಾರೆ. ದೊಡ್ಡ ದೇಶ ಯಾವುದೂ ಅದನ್ನು ಇಡಿಯಾಗಿ ಕಾನೂನು ಮಾಡಿಲ್ಲ.

ಕೋರ್ಟುಗಳು ಬೇರೆ ದಾರಿ ಹಿಡಿದಿವೆ. ಜಾಂಬಿಯಾದ ಚಿಂಗೋಲಾದಲ್ಲಿ ತಾಮ್ರದ ಗಣಿಯ ನೀರಿನಿಂದ ತಮ್ಮ ಹೊಳೆ, ಹೊಲ ಹಾಳಾಯಿತೆಂದು 1,826 ಗ್ರಾಮಸ್ಥರು ಗಣಿ ಕಂಪನಿಯ ಜತೆ ಲಂಡನ್ನಿನಲ್ಲಿದ್ದ ಅದರ ಮಾತೃ ಕಂಪನಿ ವೇದಾಂತದ ಮೇಲೂ ದಾವೆ ಹೂಡಿದರು. 2019ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ದಾವೆ ಅಲ್ಲೇ ಮುಂದುವರಿಯಲಿ ಎಂದಿತು. ಅಲ್ಲಿ ಕೋರ್ಟ್ ಗೋಡೆ ಒಡೆಯಲಿಲ್ಲ. ಮಾತೃ ಕಂಪನಿ ತಾನು ಎಲ್ಲ ಗಣಿಗಳ ಪರಿಸರ ಸುರಕ್ಷೆ ನೋಡಿಕೊಳ್ಳುತ್ತೇನೆಂದು ತನ್ನ ವರದಿಗಳಲ್ಲಿ ತಾನೇ ಬರೆದುಕೊಂಡಿದ್ದರೆ, ಆ ಮಾತಿಗೆ ತಾನೇ ಹೊಣೆಯಾಗಬಹುದು ಎಂಬ ನೆಲೆ ಅದು. ಎರಡು ವರ್ಷದ ನಂತರ ನೈಜೀರಿಯಾದ ನೈಜರ್ ನದೀಮುಖಜ ಭೂಮಿಯ ಜನ ತೈಲ ಕಂಪನಿ ಶೆಲ್ ಮೇಲೆ ಹಾಕಿದ ದಾವೆಯಲ್ಲೂ ಅದೇ ತರ್ಕ ನಿಂತಿತು. ಹೊಳಪು ಕಾಗದದ ವಾರ್ಷಿಕ ವರದಿಗಳನ್ನು ವಕೀಲರು ಈಗ ಶ್ರದ್ಧೆಯಿಂದ ಓದುತ್ತಾರೆ ಅನ್ನಿ.

ನಮ್ಮ ಕೋರ್ಟುಗಳು ಗೋಡೆಯ ಆಚೆ ನೋಡುವುದೇ ಇಲ್ಲವೆಂದೇನಲ್ಲ. ದೆಹಲಿಯ ಸ್ಕಿಪ್ಪರ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ, ತಡೆಯಾಜ್ಞೆ ಇದ್ದರೂ ಜನರಿಂದ ಹಣ ಎತ್ತಿದ್ದಕ್ಕೆ 1996ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಕರ ಕುಟುಂಬದ ಆಸ್ತಿಯ ಮೇಲೂ ಕೈಯಿಟ್ಟಿತು. ಆದರೆ ಅದಕ್ಕೆ ಮೋಸ ಸಾಬೀತಾಗಬೇಕು. ವ್ಯಾಪಾರ ಕೈಕೊಟ್ಟದ್ದು ಮೋಸವಲ್ಲ.

ಈಗ ನಿಮ್ಮ 8 ಲಕ್ಷಕ್ಕೆ ಬರೋಣ. ದಿವಾಳಿ ಸಂಹಿತೆಯಡಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ (ಎನ್‌ಸಿಎಲ್‌ಟಿ) ಹೋಗಿ ಎಂದು ಯಾರಾದರೂ ಹೇಳಿದರೆ ಫೀಸು ಕೊಡುವ ಮೊದಲು ಯೋಚಿಸಿ. 2020ರ ಮಾರ್ಚ್‌ನಲ್ಲಿ ಕನಿಷ್ಠ ಬಾಕಿಯ ಮಿತಿಯನ್ನು 1 ಲಕ್ಷದಿಂದ 1 ಕೋಟಿಗೆ ಏರಿಸಿದ್ದಾರೆ. ಬೇರೆಯವರು ಹೂಡಿದ ಪ್ರಕರಣ ಇದ್ದರೆ ನಿಮ್ಮ ಬಾಕಿ ಸಲ್ಲಿಸಬಹುದು, ಸರದಿಯಲ್ಲಿ ಮಾತ್ರ ನೀವು ಬ್ಯಾಂಕು, ಕಾರ್ಮಿಕರು, ತೆರಿಗೆ ಎಲ್ಲರ ಹಿಂದೆ.

ನಿಮಗೆ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಕೆಲಸ ಮಾಡಿಕೊಡುವ ಮೊದಲೇ ಇತ್ತೇ? ಇದ್ದರೆ ಎಂಎಸ್‌ಎಂಇ ಕಾಯ್ದೆಯ ಸೌಲಭ್ಯ ಮಂಡಳಿಗೆ ಅರ್ಜಿ ಹಾಕಿ. ಒಪ್ಪಂದ ಏನೇ ಹೇಳಲಿ, ಹಣ ಕೊಡುವ ಗಡುವು 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದೇಶ ಬಂದಮೇಲೆ ಎದುರಾಳಿ ಅದನ್ನು ಪ್ರಶ್ನಿಸಬೇಕಾದರೆ ಮುಕ್ಕಾಲು ಪಾಲು ಹಣ ಮೊದಲು ಕಟ್ಟಬೇಕು.

"ಬಾಗಿಲು ಹಾಕಿದೆ" ಅಂದರೇನು ಎಂಬುದನ್ನೂ ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ ನೋಡಿ. ಬರೀ ಷಟರ್ ಎಳೆದಿದ್ದರೆ ಕಂಪನಿ ಇನ್ನೂ ಬದುಕಿದೆ. ಹೆಸರನ್ನು ಪಟ್ಟಿಯಿಂದ ತೆಗೆದಿದ್ದರೂ ಸಾಲ ಕೊಟ್ಟವರು 20 ವರ್ಷದೊಳಗೆ ಅದನ್ನು ಮತ್ತೆ ಸೇರಿಸಲು ಕೇಳಬಹುದು.

ಕೊನೆಯದು, ಬಹುಶಃ ಮೊದಲು ಕೇಳಬೇಕಾದದ್ದು: ಅವರು ನಿಮಗೆ ಕಂಪನಿಯ ಚೆಕ್ ಏನಾದರೂ ಕೊಟ್ಟಿದ್ದಾರೆಯೇ, ಅದು ಬೌನ್ಸ್ ಆಗಿದೆಯೇ? ಆಗಿದ್ದರೆ ಗೋಡೆಯಲ್ಲಿ ನಿಮಗೂ ಒಂದು ಕಿಂಡಿಯಿದೆ. ಚೆಕ್ ಬೌನ್ಸ್ ಅಪರಾಧಕ್ಕೆ ಕಂಪನಿಯ ಜತೆ ಅದರ ವ್ಯವಹಾರ ನೋಡಿಕೊಳ್ಳುತ್ತಿದ್ದ ನಿರ್ದೇಶಕರೂ ಆರೋಪಿಗಳು. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೂ ನಿರ್ದೇಶಕರ ಮೇಲಿನ ಕೇಸು ನಿಲ್ಲುವುದಿಲ್ಲವೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೂರಿನಲ್ಲಿ ಕಂಪನಿಯ ಹೆಸರನ್ನೂ ಆರೋಪಿಯಾಗಿ ಹಾಕಿಸಿ, ಅದು ಬಿಟ್ಟುಹೋಗಿ ಕೇಸು ಬಿದ್ದುಹೋದದ್ದುಂಟು. ಚೆಕ್ ವಾಪಸಾಯಿತೆಂದು ತಿಳಿಸುವ ಬ್ಯಾಂಕಿನ ಮೆಮೊ ನಿಮ್ಮ ಕೈಸೇರಿದ ದಿನದಿಂದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ, ಅದು ಮುಗಿದ ಮೇಲೆ ದೂರು ಕೊಡಲು ನಿಮಗೆ ಒಂದು ತಿಂಗಳು. ಇವತ್ತೇ ಫೈಲು ತೆಗೆದು ಆ ಮೆಮೊದ ತಾರೀಖು ನೋಡಿ.