ಅಜ್ಜನ ಊರು ಆಗ ಯಾರ ಆಳ್ವಿಕೆಯಲ್ಲಿತ್ತು?

ಎರಡನೇ ಮಹಾಯುದ್ಧ ನಡೆಯುತ್ತಿದ್ದ 1942ರಲ್ಲಿ ಭೂಗತರಾಗಿ ಕ್ವಿಟ್ ಇಂಡಿಯಾ ಚಳವಳಿಗೆ ದುಡಿದ ಅಜ್ಜನ ದಾಖಲೆ ಬೇಕೆಂದು ನನ್ನಲ್ಲಿಗೆ ಬರುವವರು ಬಹುಮಟ್ಟಿಗೆ ಒಂದೇ ಮಾತಿನಿಂದ ಆರಂಭಿಸುತ್ತಾರೆ: “ಬೆಂಗಳೂರಿನಲ್ಲೆಲ್ಲ ಹುಡುಕಿಸಿದೆವು ಸರ್, ಅವರ ಹೆಸರೇ ಇಲ್ಲ.” ಅವರ ಊರು ಆಗ ಯಾರ ಆಳ್ವಿಕೆಯಲ್ಲಿತ್ತು ಎಂದು ಕೇಳಿದರೆ “ಹಾವೇರಿ ಜಿಲ್ಲೆ” ಎನ್ನುತ್ತಾರೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಇಪ್ಪತ್ತು ವರ್ಷಗಳಿಂದ ಇದನ್ನೇ ಹೇಳುತ್ತಿದ್ದೇನೆ, ಮತ್ತೊಮ್ಮೆ ಹೇಳುತ್ತೇನೆ.

1942ರಲ್ಲಿ ಕರ್ನಾಟಕವೆಂಬ ಒಂದು ಸರ್ಕಾರ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿಗೆ. ಕಲಬುರಗಿ, ಬೀದರ್, ರಾಯಚೂರು ನಿಜಾಮರಿಗೆ. ಕೊಡಗು ಬೇರೆಯೇ ಆಡಳಿತ. ಆಯಾ ಪೊಲೀಸರು ಬರೆದ ಕಾಗದ ಆಯಾ ರಾಜಧಾನಿಗೆ ಹೋಯಿತು. 1943ರ ಮಾರ್ಚಿನಲ್ಲಿ ತನ್ನ ಐವರನ್ನು ಗಲ್ಲಿಗೆ ಕಳೆದುಕೊಂಡ ಈಸೂರು ಮೈಸೂರು ಸಂಸ್ಥಾನದ ಹಳ್ಳಿಯಾದ್ದರಿಂದ ಅದರ ಹುಡುಕಾಟ ಹಳೆಯ ಸರ್ಕಾರಿ ಕಡತಗಳನ್ನು ಕಾಪಿಡುವ ಬೆಂಗಳೂರಿನ ರಾಜ್ಯ ಪತ್ರಾಗಾರದಿಂದ ಶುರುವಾಗಬೇಕು. ಅದೇ ವರ್ಷದ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪ ಗುಂಡಿಗೆ ಬಲಿಯಾದ ಹೊಸರಿತ್ತಿ ಮುಂಬಯಿ ಪ್ರಾಂತದ್ದು, ಆದ್ದರಿಂದ ಅದರ ಹುಡುಕಾಟ ಮುಂಬೈಯಿಂದ. ಬಳ್ಳಾರಿಯವರು ಚೆನ್ನೈಯ ಎಗ್ಮೋರಿನಲ್ಲಿರುವ ಪತ್ರಾಗಾರಕ್ಕೆ ಹೋಗಬೇಕು, ಕಲಬುರಗಿಯವರು ಹೈದರಾಬಾದಿಗೆ. ಅಲ್ಲಿ ಉರ್ದು ಓದಬಲ್ಲವರು ಜೊತೆಗಿರಬೇಕು. ಪ್ರಾಂತಗಳು ಕೇಂದ್ರದ ಗೃಹ ಇಲಾಖೆಗೆ ಕಳಿಸುತ್ತಿದ್ದ ಪಾಕ್ಷಿಕ ವರದಿಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಸರಿಯಾದ ಊರಿಗೆ ಹೋದ ಮೇಲೂ ಹೆಸರನ್ನೇ ಹಿಡಿದು ಹುಡುಕುವುದು ವ್ಯರ್ಥ ಪ್ರಯಾಸ. ತಂತಿ ಕತ್ತರಿಸಿದವರು, ಚಾವಡಿಯ ದಫ್ತರ ಸುಟ್ಟವರು, ಗುಪ್ತ ಪತ್ರಿಕೆ ಹೊತ್ತವರು ತಮ್ಮ ಹೆಸರು ಎಲ್ಲಿಯೂ ದಾಖಲಾಗದಂತೆ ನೋಡಿಕೊಂಡೇ ಕೆಲಸ ಮಾಡಿದವರು. ಹೆಸರು ಸಿಗದಿರುವುದು ಅವರು ಏನೂ ಮಾಡಲಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಯುದ್ಧಕಾಲದ ಭಾರತ ರಕ್ಷಣಾ ನಿಯಮಗಳ 26ನೆಯ ನಿಯಮದಡಿ ಬಂಧಿತರಾದವರಿಗೆ ವಿಚಾರಣೆಯೇ ಇರಲಿಲ್ಲ, ಹಾಗಾಗಿ ತೀರ್ಪಿನ ಪ್ರತಿಯನ್ನೂ ನಿರೀಕ್ಷಿಸಬಾರದು. ಆದರೆ ಘಟನೆಗೆ ಊರು ಮತ್ತು ದಿನಾಂಕ ಇದ್ದೇ ಇರುತ್ತದೆ. ಯಾವ ನಿಲ್ದಾಣಕ್ಕೆ ಬೆಂಕಿ ಬಿತ್ತು, ಯಾವ ಹಳ್ಳಿಗೆ ಪುಂಡುಗಂದಾಯ, ಅಂದರೆ ಇಡೀ ಊರಿಗೆ ಸಾಮೂಹಿಕ ದಂಡ, ಹಾಕಿದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡು ಬನ್ನಿ.

ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯ ಕಡತವನ್ನು ತಂದು ಇದೇ ಪುರಾವೆ ಎನ್ನುವವರಿಗೂ ಒಂದು ಮಾತು. ಕೇಂದ್ರದ ಪಿಂಚಣಿ ಯೋಜನೆ ಬಂದದ್ದು 1972ರಲ್ಲಿ. ಅದರಲ್ಲಿರುವ ಸಹಬಂದಿಗಳ ಪ್ರಮಾಣಪತ್ರ ಮೂವತ್ತು ವರ್ಷಗಳ ನಂತರದ ನೆನಪು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಸಹಿ ಹಾಕಿದವರ ಹೆಸರಿನಿಂದಲೇ ಹಲವು ಬಾರಿ ದಾರಿ ತೆರೆದಿದೆ. ಇನ್ನೊಂದು ಕಡೆ, ಪೊಲೀಸರು ಬರೆದದ್ದೆಲ್ಲ ನಿಜವೂ ಅಲ್ಲ. ತಮಗೆ ಸುಳಿವು ಕೊಡುತ್ತಿದ್ದ ಬಾತ್ಮೀದಾರರ ಹೆಸರನ್ನು ಅವರು ಸಾಮಾನ್ಯವಾಗಿ ಮುಚ್ಚಿಡುತ್ತಿದ್ದರು. ಅಜ್ಜನನ್ನು ಠಾಣೆಗೆ ಕರೆಸಿ ಬಿಟ್ಟುಕಳಿಸಿದ್ದರೆಂಬ ಒಂದೇ ಸಾಲು ನೋಡಿ ಅಜ್ಜನೇ ಪೊಲೀಸರಿಗೆ ಸುಳಿವು ಕೊಟ್ಟಿರಬಹುದೆಂದು ಕಣ್ಣೀರಿಟ್ಟ ಮೊಮ್ಮಗನನ್ನು ನಾನು ಕಂಡಿದ್ದೇನೆ. ಅಷ್ಟರಿಂದ ಆ ತೀರ್ಮಾನಕ್ಕೆ ಬರಲಾಗದು.

ಕಳೆದ ವರ್ಷ ಹಾವೇರಿ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಬಂದಿದ್ದರು. ಅಜ್ಜ ಬುಲೆಟಿನ್ ಹಂಚುತ್ತಿದ್ದರೆಂಬುದಷ್ಟೇ ಗೊತ್ತಿತ್ತು. ಬೆಂಗಳೂರಿನಲ್ಲಿ ಎರಡು ಬೇಸಿಗೆ ಕಳೆದಿದ್ದರು. ಮುಂಬೈಯ ಕಡತವೊಂದರಲ್ಲಿ ತಲೆಮರೆಸಿಕೊಂಡವರ ಪಟ್ಟಿ ಸಿಕ್ಕಿತು. ಹೆಸರಿನ ಇಂಗ್ಲಿಷ್ ಕಾಗುಣಿತ ಗುರುತೇ ಸಿಗದಷ್ಟು ಕೆಟ್ಟಿತ್ತು, ಅಡ್ಡಹೆಸರು ಇರಲೇ ಇಲ್ಲ; ತಂದೆಯ ಹೆಸರು, ಊರು ಸರಿಯಾಗಿದ್ದವು, ಮುಂದೆ ಚಹರೆ ಬರೆದಿತ್ತು: ಮುಖದಲ್ಲಿ ಸಿಡುಬಿನ ಕಲೆ, ಎಡಗಿವಿ ಚುಚ್ಚಿದೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. “ನಮ್ಮಜ್ಜನ ಎಡಗಿವಿಯಲ್ಲಿ ಮುರುವು ಇತ್ತು ಸರ್. ಇವರೇ ಅಂತ ಬರೆದುಕೊಡಿ.” ನಾನು “ಅವರೇ ಇರುವ ಸಂಭವ ಬಹಳ ಹೆಚ್ಚು” ಎಂದಷ್ಟೇ ಬರೆದುಕೊಟ್ಟೆ. ಅದೇ ಊರಿನಲ್ಲಿ ಅದೇ ತಂದೆಯ ಹೆಸರಿನ ಇನ್ನೊಬ್ಬರು ಇರಬಹುದು. ಅವರಿಗೆ ಬೇಸರವಾಯಿತು, ನನಗೂ ಆಯಿತು.

ಆ ವರ್ಷ ಅಜ್ಜ ಯಾರ ಮನೆಯಲ್ಲಿ ಉಂಡರು, ಯಾವ ಊರಿನಲ್ಲಿ ಮಲಗಿದರು ಎಂದು ಮನೆಯಲ್ಲಿ ಉಳಿದಿರುವ ಹಿರಿಯರನ್ನು ಕೇಳಿ ಎಂದು ಹೇಳಿ ಕಳಿಸಿದೆ. ಹದಿನೈದು ದಿನ ಬಿಟ್ಟು ಫೋನ್ ಬಂತು. ಅಜ್ಜನ ಸೋದರಮಾವನ ಮನೆ ಕುಂದಗೋಳದಲ್ಲಿತ್ತಂತೆ, ಒಂದು ಮಳೆಗಾಲವಿಡೀ ಅಲ್ಲೇ ಅಟ್ಟದ ಮೇಲಿದ್ದರಂತೆ. ಕುಂದಗೋಳ ಹುಬ್ಬಳ್ಳಿಯ ಮಗ್ಗುಲಲ್ಲೇ ಇದ್ದರೂ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಊರು. ಮುಂಬಯಿ ಪೊಲೀಸರು ಅಲ್ಲಿಗೆ ನೇರವಾಗಿ ನುಗ್ಗುವಂತಿರಲಿಲ್ಲ. ಈಗ ಆ ಸಂಸ್ಥಾನದ ಕಾಗದಗಳನ್ನು ನೋಡುತ್ತಿದ್ದೇವೆ.