ಎಕ್ಸ್‌ರೇಯಲ್ಲಿ ಕಾಣದ ಬಿರುಕು

ಮಂಗಳೂರಿನ ಮಳೆಗೆ ಅಂಗಳದಲ್ಲಿ ಪಾಚಿ ಕಟ್ಟುತ್ತದೆ, ಮುರಕಲ್ಲಿನ ಮೆಟ್ಟಿಲು ಜಾರುತ್ತದೆ. ಬೀಳುವಾಗ ಎಲ್ಲರೂ ಕೈ ಊರುತ್ತಾರೆ. ವಯಸ್ಸಾದವರಿಗೆ ಮಣಿಕಟ್ಟಿನ ಹತ್ತಿರ ಮುಂಗೈ ಎಲುಬು ಮುರಿಯುವುದು ಜಾಸ್ತಿ. ಡಬ್ಲಿನ್ನಿನ ಅಬ್ರಹಾಂ ಕೋಲ್ಸ್ ಎಂಬ ವೈದ್ಯರು 1814ರಲ್ಲೇ, ಎಕ್ಸ್‌ರೇ ಬರುವುದಕ್ಕೆ 81 ವರ್ಷ ಮೊದಲೇ, ಅದನ್ನು ವಿವರಿಸಿ ಬರೆದಿದ್ದರು. ಅಲ್ಲಿ ಕೈ ಸೊಟ್ಟಗಾಗಿರುತ್ತದೆ, ಜನ ಕೂಡಲೇ ಬರುತ್ತಾರೆ. ನನಗೆ ಚಿಂತೆ ಇರುವುದು ನೆಟ್ಟಗೆ ಕಾಣುವ ಕೈಗಳದ್ದು.

ಹೆಬ್ಬೆರಳನ್ನು ಹಿಂದಕ್ಕೆ ಚಾಚಿ ನೋಡಿ. ಬುಡದಲ್ಲಿ ಒಂದು ಗುಳಿ ಬೀಳುತ್ತದೆ ಅಲ್ವಾ? ಹಿಂದೆ ಅದರಲ್ಲಿ ನಶ್ಯ ಇಟ್ಟು ಸೇದುತ್ತಿದ್ದರು. ವೈದ್ಯ ಪುಸ್ತಕದಲ್ಲೂ ಅದಕ್ಕೆ ನಶ್ಯದ ಡಬ್ಬಿ ಎಂದೇ ಹೆಸರು. ಅದರ ಅಡಿಯಲ್ಲಿ ಗೇರುಬೀಜದಷ್ಟು ಒಂದು ಎಲುಬಿದೆ, ಸ್ಕೇಫಾಯ್ಡ್. ಬಿದ್ದ ಮೇಲೆ ಆ ಗುಳಿ ಒತ್ತಿದಾಗ ನೋವಾದರೆ, ಮೊದಲ ದಿನದ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಎಲುಬು ಬಿರಿದಿರಬಹುದು. ಬಿರುಕು ಕೂದಲೆಳೆಯಷ್ಟೇ ಇರುತ್ತದೆ. 10ರಿಂದ 14 ದಿನ ಕಳೆದರೆ ಅದರ ಅಂಚು ಸವೆದು ಗೆರೆ ಕಾಣಬಹುದು. ಅದಕ್ಕೇ ಪಟ್ಟಿ ಹಾಕಿ, ಮತ್ತೆ ಬನ್ನಿ ಅನ್ನುವುದು. ಕೆಲವರಿಗೆ ಎಂಆರ್‌ಐ ಬೇಕಾಗುತ್ತದೆ. ಹಾಗೆಂದು ಗುಳಿ ನೋಯುವವರಿಗೆಲ್ಲ ಎಲುಬು ಮುರಿದಿರುವುದಿಲ್ಲ, ಹೆದರಬೇಡಿ.

ಆದರೆ ನಾನು ಕೇಳುವ ಮಾತು ಒಂದೇ. "ಎಕ್ಸ್‌ರೇ ನಾರ್ಮಲ್ ಉಂಟಲ್ಲ ಡಾಕ್ಟ್ರೇ, ಬರೀ ಉಳುಕು." ಪಟ್ಟಿ ಬಿಚ್ಚಿ ಎಣ್ಣೆ ಹಾಕಿ ತಿಕ್ಕಿಸುತ್ತಾರೆ. ದಯವಿಟ್ಟು ತಿಕ್ಕಿಸಬೇಡಿ. ಎಕ್ಸ್‌ರೇ ನಾರ್ಮಲ್ ಅಂದರೆ ಆ ದಿನ ಬಿರುಕು ಕಾಣಲಿಲ್ಲ ಎಂದು ಅಷ್ಟೇ. ಇಲ್ಲ ಎಂದಲ್ಲ. ಈ ಎಲುಬಿಗೆ ರಕ್ತ ಹೆಚ್ಚಾಗಿ ಬೆರಳುಗಳ ಕಡೆಯ ತುದಿಯಿಂದ ಒಳಹೋಗಿ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ಸಾಲುವುದಿಲ್ಲ. ತೋಡು ಒಡೆದರೆ ಕೊನೆಯ ಗದ್ದೆ ಒಣಗುತ್ತದಲ್ಲ, ಹಾಗೆ.

ಬೋಟಿಗೆ ಹೋಗುವ ಒಬ್ಬ ಹುಡುಗ ಜುಲೈ ಕೊನೆಯಲ್ಲಿ ದಕ್ಕೆಯಲ್ಲಿ ಜಾರಿಬಿದ್ದ. ಎಕ್ಸ್‌ರೇ ನಾರ್ಮಲ್. ಹತ್ತು ದಿನಕ್ಕೆ ಬಾ ಅಂದೆ. ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿಯಿತು, ಅವನು ಕಡಲಿಗೆ ಹೋದ. ಎರಡು ತಿಂಗಳು ಸಂಪಾದನೆ ಇಲ್ಲದ ಮನೆ, ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಮತ್ತೆ ಬಂದದ್ದು ಮುಂದಿನ ಜೂನ್ ರಜೆಗೆ. ಹಗ್ಗ ಎಳೆಯಲು ಆಗುತ್ತಿರಲಿಲ್ಲ. ಎಲುಬು ಕೂಡಿರಲೇ ಇಲ್ಲ. ಸೊಂಟದ ಎಲುಬಿನ ಚೂರು ತಂದು ತುಂಬಿ, ಸ್ಕ್ರೂ ಹಾಕಬೇಕಾಯಿತು. ತಲೆಯಿಲ್ಲದ ಈ ಬಗೆಯ ಸ್ಕ್ರೂವನ್ನು ಆಸ್ಟ್ರೇಲಿಯಾದ ಟಿಮೊಥಿ ಹರ್ಬರ್ಟ್ ರೂಪಿಸಿದ್ದು. ಅದರ ಎರಡು ತುದಿಯ ಥ್ರೆಡ್ ಬೇರೆ ಬೇರೆ ಅಂತರದ್ದು. ತಿರುಗಿಸುತ್ತಾ ಹೋದಂತೆ ತುಂಡುಗಳು ಹತ್ತಿರ ಬಂದು ಬಿಗಿಯುತ್ತವೆ. ಎಷ್ಟು ಒಳ್ಳೆಯ ಯೋಚನೆ!

ಈಗ ಅವನು ಹಗ್ಗ ಎಳೆಯುತ್ತಾನೆ. ಮಣಿಕಟ್ಟು ಮಾತ್ರ ಪೂರ್ತಿ ಬಾಗುವುದಿಲ್ಲ. ಹತ್ತು ದಿನಕ್ಕೇ ಬಂದಿದ್ದರೆ 8ರಿಂದ 12 ವಾರದ ಪ್ಲಾಸ್ಟರಿನಲ್ಲೇ ಕೂಡುವ ಸಾಧ್ಯತೆ ಜಾಸ್ತಿ ಇತ್ತು.

ಎರಡನೇ ಸಲ ಬರುವಾಗ ಮೊದಲ ದಿನದ ಎಕ್ಸ್‌ರೇ ಫಿಲ್ಮನ್ನೂ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.